ಹಾವು ಬಂತೋ, ಹಸು ಬಂತೋ: ಬಾಗೇಪಲ್ಲಿ ಕಡೆಯಿಂದ ಒಂದು ಉತ್ತರ

ಮೇಷ್ಟ್ರೇ, ನಿಮ್ಮ ಕಡೆ ಮಕ್ಕಳು ಕನ್ನಡ ಓದುವಾಗ ಯಾಕೆ ತಡವರಿಸುತ್ತಾರೆ ಅಂತ ನೀವು ಕೇಳಿದ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. "ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅದಕ್ಕೇ ಮಕ್ಕಳು ಓದುವಾಗ ತಡವರಿಸುತ್ತಾರೆ." ಹೊರಗಿಂದ ಬಂದವರೆಲ್ಲ ಇದನ್ನೇ ಬರೆದುಕೊಂಡು ಹೋಗುತ್ತಾರೆ. ಅರ್ಧ ಸರಿ, ಅರ್ಧ ತಪ್ಪು. ನೀವು ಮೈಸೂರು ಕಡೆಯವರು, ಮುಂದಿನ ತಿಂಗಳು ಇಲ್ಲಿಗೆ ಬಂದು ಮೂರನೇ ಕ್ಲಾಸಿನ ಮಕ್ಕಳ ಮುಂದೆ ಕೂರುವವರು. ಆ ತಪ್ಪು ಅರ್ಧವನ್ನು ತಲೆಯಲ್ಲಿ ಇಟ್ಟುಕೊಂಡು ಬರಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಟೀಚರ್ ಅಲ್ಲ. ಬಾಗೇಪಲ್ಲಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈಗ ಬೋರ್ಡಿನಲ್ಲಿ ಅದಕ್ಕೆ 'ಅರಿವು ಕೇಂದ್ರ' ಅಂತ ಹೆಸರು. ಊರವರ ಬಾಯಲ್ಲಿ ಲೈಬ್ರರಿಯೇ. 2020ರಲ್ಲಿ, ಕೊರೋನಾದಿಂದ ಶಾಲೆಗಳ ಬಾಗಿಲು ಮುಚ್ಚಿದ್ದಾಗ, 'ಓದುವ ಬೆಳಕು' ಅಂತ ಸರ್ಕಾರ ಶುರು ಮಾಡಿತು. ಮಕ್ಕಳಿಗೆ ದುಡ್ಡಿಲ್ಲದೆ ಸದಸ್ಯತ್ವ. ಆಗ ಹತ್ತಿದ ರೂಢಿ ಇನ್ನೂ ಬಿಟ್ಟಿಲ್ಲ. ಸಂಜೆ ಆದರೆ ಹತ್ತು ಹನ್ನೆರಡು ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ನಾನು ಕಲಿತಿದ್ದೆಲ್ಲ ಅವರ ಪಕ್ಕದಲ್ಲಿ ಚಾಪೆ ಮೇಲೆ ಕೂತು.

ನಮ್ಮ ಕಡೆಯ ಬದುಕು ಹೇಗೆ ಅಂದರೆ, ಜಗಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ. ಹೈವೇ 44ರಲ್ಲಿ ಬಾಗೇಪಲ್ಲಿ ದಾಟಿ ಸ್ವಲ್ಪ ಹೋದರೆ ಆಂಧ್ರ. ಹೆಣ್ಣು ಕೊಡುವುದು ಚಿಲಮತ್ತೂರಿಗೆ, ತರುವುದು ಗೋರಂಟ್ಲದಿಂದ, ಸೀರೆಗೆ ಹಿಂದೂಪುರ. ಟಿವಿ, ಸಿನಿಮಾ, ಬೈಗುಳ, ಜೋಗುಳ ಎಲ್ಲ ತೆಲುಗು. ರೇಷನ್ ಕಾರ್ಡು, ಪಹಣಿ, ಶಾಲೆ ಪುಸ್ತಕ ಕನ್ನಡ. ಇದರಲ್ಲಿ ನಮಗೆ ಯಾವ ಇಕ್ಕಟ್ಟೂ ಇಲ್ಲ. ನಮ್ಮ ಕಡೆಯ ಸಂತ, ಕೈವಾರದ ತಾತಯ್ಯ, ಎರಡೂ ಭಾಷೆಯಲ್ಲಿ ಹಾಡಿ ಹೋದವರು. ಪಕ್ಕದ ಕೋಲಾರ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದಿದ್ದು ಕನ್ನಡಕ್ಕೆ. ಮನೆಮಾತು ಬೇರೆ ಆದರೆ ಕನ್ನಡ ಬರಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದು. ಆಮೇಲೆ ಅವರು ಸುಮ್ಮನಾಗುತ್ತಾರೆ.

ಈಗ ಒಂದು ಸಂಜೆಯ ವಿಷಯ. ಮೂರನೇ ಕ್ಲಾಸಿನ ಹುಡುಗಿ, ಚಿತ್ರ ಇಲ್ಲದ ಒಂದು ಹಾಳೆ ಹಿಡಿದು ಓದುತ್ತಿದ್ದಳು. "ಹೊಲಕ್ಕೆ ಹಾವು ಬಂತು. ಎಲ್ಲರೂ ಓಡಿದರು." ಅವಳ ಬಾಯಲ್ಲಿ ಅದು ಬಂದಿದ್ದು ಹೀಗೆ: "ಒಲಕ್ಕೆ... ಆವು... ಬಂತು. ಎಲ್ಲರೂ... ಓಡಿ... ದರು." ಅಲ್ಲಿಗೆ ನಿಂತಳು. ಹಾಳೆಯಿಂದ ತಲೆ ಎತ್ತಿ ಕೇಳಿದಳು: "ಅಕ್ಕಾ, ಆವು ವಸ್ತೇ ಎಂದುಕು ಪರಿಗೆತ್ತಿನಾರು?"

ತೆಲುಗಿನಲ್ಲಿ ಆವು ಅಂದರೆ ಹಸು. ಹಾವಿಗೆ ಪಾಮು. ನಮ್ಮ ಕಡೆ ಕನ್ನಡ ಮಾತಾಡುವವರೂ ಹಕಾರ ನುಂಗುತ್ತಾರೆ. ಹಾಲು ಆಲು ಆಗುತ್ತೆ, ಹಳ್ಳಿ ಅಳ್ಳಿ ಆಗುತ್ತೆ. ಹಾಗಾಗಿ ಹಾವು ಅವಳ ಕಿವಿಗೆ ಹಸುವಾಗಿ ಬಿತ್ತು. ಹಸು ಬಂದರೆ ಜನ ಯಾಕೆ ಓಡಬೇಕು? ನ್ಯಾಯವಾದ ಪ್ರಶ್ನೆ ಅಲ್ವಾ?

ನೀವಾಗಿದ್ದರೆ ಏನು ಬರೆದುಕೊಳ್ಳುತ್ತಿದ್ದಿರಿ? 'ಉಚ್ಚಾರಣೆ ತಪ್ಪು, ಓದು ನಿಧಾನ.' ನನಗೆ ಕಂಡಿದ್ದು ಬೇರೆ. ಈ ಹುಡುಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಸುಮ್ಮನೆ ಕೂತಿಲ್ಲ, ಅರ್ಥ ಹುಡುಕುತ್ತಿದ್ದಾಳೆ. ಪಟಪಟ ಅಂತ ಒಂದು ಪುಟ ಓದಿ, ಏನು ಕಥೆ ಅಂತ ಕೇಳಿದರೆ ಮಿಕಮಿಕ ನೋಡುವ ಮಕ್ಕಳು ನನ್ನ ಹತ್ತಿರ ಇದ್ದಾರೆ. ಅವರಿಗಿಂತ ಇವಳು ಎಷ್ಟೋ ಮುಂದೆ. ಅಂಗೈಯನ್ನು ಬಾಯಿ ಮುಂದೆ ಹಿಡಿಯಲು ಹೇಳಿದೆ. 'ಹಾ' ಅಂದರೆ ಬಿಸಿ ಗಾಳಿ ತಾಗುತ್ತೆ, 'ಆ' ಅಂದರೆ ಅಷ್ಟು ತಾಗಲ್ಲ. ನಾಲ್ಕು ಸಲ ಹಾ, ಆ, ಹಾ, ಆ. ಆಮೇಲೆ ಬೆರಳನ್ನು ಹ ಮೇಲೆ ಇಟ್ಟು "ಹಾವು!" ಅಂದಳು. "ಪಾಮಾ?" ಅಂತ ತಾನೇ ಕೇಳಿ ತಾನೇ ನಕ್ಕಳು. ಮತ್ತೆ ಮೊದಲಿಂದ ಓದಿದಳು. ಈ ಸಲ ಜನ ಓಡಿದ ಹಾಗೇ ಓದೂ ಓಡಿತು.

ಇಂಥದ್ದು ದಿನಾ ಒಂದಲ್ಲ ಒಂದು. "ಹಾಲು ಚೆಲ್ಲಿ ಹೋಯಿತು" ಅಂತ ಓದಿದ ಹುಡುಗ, "ಯಾರ ಚೆಲ್ಲಿ?" ಅಂದ. ತೆಲುಗಿನಲ್ಲಿ ಚೆಲ್ಲಿ ಅಂದರೆ ತಂಗಿ. ಹಾಲು ತಗೊಂಡು ಯಾರದೋ ತಂಗಿ ಹೊರಟುಹೋದಳು ಅಂತ ಅವನ ಲೆಕ್ಕ. ಇನ್ನು "ಅವ್ವ ರೊಟ್ಟಿ ತಟ್ಟಿದಳು" ಅಂದರೆ ನಮ್ಮ ಮಕ್ಕಳಿಗೆ ಕಣ್ಣ ಮುಂದೆ ಬರುವುದು ತಾಯಿಯಲ್ಲ, ಅಜ್ಜಿ. ಇಲ್ಲಿಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ.

ಚಿತ್ರದ ಕೆಳಗೆ 'ಹಾಲು' ಅಂತ ಬರೆದಿದ್ದರೆ ಕೆಲವರು 'ಪಾಲು' ಅಂತಲೇ ಓದುತ್ತಾರೆ. ಅದಕ್ಕೆ ಬೈಯಬೇಡಿ. ಹಾಲು ಪಾಲು, ಹುಲಿ ಪುಲಿ, ಹೂವು ಪುವ್ವು, ಹಲ್ಲು ಪಲ್ಲು. ನಮ್ಮ ಹ ಇರುವ ಜಾಗದಲ್ಲಿ ತೆಲುಗಿನಲ್ಲಿ ಎಷ್ಟೋ ಸಲ ಪ ಇರುತ್ತೆ. ಹಳಗನ್ನಡದಲ್ಲೂ ಪಾಲ್, ಪಾವು, ಪುಲಿ ಅಂತಲೇ ಇತ್ತು. ಪಂಪನ ಕಾಲದವರು ಬಂದು ಕೇಳಿದರೆ ನಮ್ಮ ಹುಡುಗಿಯ ಪಾಲು ಸರಿ, ನಿಮ್ಮ ಹಾಲು ತಪ್ಪು ಅಂದಾರು. ಪಲ್ಲಿ, ಹಳ್ಳಿಯೂ ಅದೇ ಕಥೆ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸಚಿವ ಸಂಪುಟ ಸೇರಿ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡಲು ಒಪ್ಪಿತು. ಪಲ್ಲಿ ಅನ್ನುವುದು ಹಳಗನ್ನಡವೂ ಹೌದು ಅಂತ ಯಾರಾದರೂ ಜ್ಞಾಪಿಸಿದ್ದರೆ ಚೆನ್ನಾಗಿತ್ತು. ಇರಲಿ. ಈ ಹ-ಪ ಆಟವನ್ನು ನಾನು ಮಕ್ಕಳಿಗೇ ಬಿಟ್ಟಿದ್ದೇನೆ. ಹೊಸ ಜೋಡಿ ಹುಡುಕಿ ತಂದವರಿಗೆ ಗೋಡೆ ಮೇಲೆ ಬರೆಯುವ ಹಕ್ಕು.

ಹಾಗಾದರೆ ಓದು ನಿಧಾನ ಆಗುವುದು ಎಲ್ಲಿ? ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟದ ಜೊತೆ ಕಲಿಸುವ ನಲಿ-ಕಲಿ ಕಾರ್ಡು ನಿಮಗೆ ಗೊತ್ತು. 1995ರಲ್ಲಿ ನಿಮ್ಮ ಹೆಗ್ಗಡದೇವನಕೋಟೆಯಲ್ಲೇ ಹುಟ್ಟಿ, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗೂ ಬಂದಿದ್ದು. ಅದರಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಅಂತ ಅಲ್ಲ, ರ ಗ ಸ ದ ಅ ಅಂತ. ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಒಳ್ಳೆ ಉಪಾಯ. ಆದರೆ ಮಂಡ್ಯದ ಮಗು 'ಗರ' ಅಂತ ಓದುವಷ್ಟರಲ್ಲಿ ಅದರ ಕಿವಿ 'ಗರಗಸ' ಅಂತ ಮುಂದಿನದನ್ನು ಊಹಿಸಿರುತ್ತೆ. ನಮ್ಮ ಮಗುವಿನ ಮನೆಯಲ್ಲಿ ಗರಗಸ ಇದೆ, ಅದರ ಹೆಸರು ರಂಪಂ. ಹಾಗಾಗಿ ಅದು ನಾಲ್ಕೂ ಅಕ್ಷರವನ್ನು ಒಂದೊಂದಾಗಿ ಎತ್ತಿ ಇಡಬೇಕು. ಇಟ್ಟ ಮೇಲೂ ಏನು ಸಿಕ್ಕಿತು ಅಂತ ಗೊತ್ತಾಗಲ್ಲ. ಕಣ್ಣು ತಲುಪುವ ಮುಂಚೆ ಕಿವಿ ಅಲ್ಲಿ ಹೋಗಿ ನಿಂತಿರಬೇಕು, ಆಗಲೇ ಓದು ಸರಾಗ. ನಮ್ಮ ಮಕ್ಕಳ ಕಣ್ಣಿಗೆ ಏನೂ ಆಗಿಲ್ಲ. ಅವರ ಕಿವಿಗೆ ಕನ್ನಡ ಸಾಕಷ್ಟು ಬಿದ್ದಿಲ್ಲ, ಅಷ್ಟೇ.

ಅದಕ್ಕೇ ನಾನು ಓದಿಸುವ ಮುಂಚೆ ಓದಿ ಹೇಳುತ್ತೇನೆ. ಐದಾರು ಸಾಲು, ಜಾಸ್ತಿ ಬೇಡ. ಮೊದಲು ಕಥೆಯನ್ನು ತೆಲುಗಿನಲ್ಲಿ ಒಂದು ಸಲ ಹೇಳಿಬಿಡುತ್ತೇನೆ. ಆಮೇಲೆ ಕನ್ನಡದಲ್ಲಿ, ಮಾತಾಡುವ ಲಯದಲ್ಲೇ, ಅಕ್ಷರದ ಕೆಳಗೆ ಬೆರಳು ಆಡಿಸುತ್ತಾ ಓದುತ್ತೇನೆ. ಎರಡನೇ ಸಲ ಇಬ್ಬರೂ ಒಟ್ಟಿಗೆ. ಮೂರನೇ ಸಲ ಮಗು ಒಂದೇ. ಮಾರನೇ ದಿನ ಮತ್ತೆ ಅದೇ ಹಾಳೆ. ಅದರ ಮಾರನೇ ದಿನವೂ ಅದೇ. ಬೇಜಾರಾಗಲ್ವಾ ಅಂತ ಕೇಳುತ್ತೀರಿ. ಬೇಜಾರು ನಮಗೆ, ಮಕ್ಕಳಿಗಲ್ಲ. ಒಂದೇ ಸಿನಿಮಾ ಹಾಡನ್ನು ಇಡೀ ತಿಂಗಳು ಹಾಡಲ್ವಾ ಅವರು? ಇದು ನಾನು ಕಂಡುಹಿಡಿದಿದ್ದೇನಲ್ಲ. ಅಮೆರಿಕದಲ್ಲಿ ಸ್ಯಾಮ್ಯುಯಲ್ಸ್ ಅನ್ನುವವರು 1979ರಲ್ಲೇ ಈ ಮರುಓದಿನ ಬಗ್ಗೆ ಬರೆದಿದ್ದಾರೆ. ಚಿಕ್ಕ ಪಾಠವನ್ನೇ ಮತ್ತೆ ಮತ್ತೆ ಓದಿಸಿದರೆ ವೇಗ ಬರುತ್ತೆ, ಆ ವೇಗ ಮುಂದಿನ ಹೊಸ ಪಾಠಕ್ಕೂ ದಾಟುತ್ತೆ ಅಂತ. ನಮ್ಮ ಚಾಪೆ ಮೇಲೂ ಅದೇ ಆಗಿದೆ.

ಓದುವಾಗ ಮಧ್ಯೆ ಬಾಯಿ ಹಾಕಬೇಡಿ. ಇದು ನನಗೇ ಕಷ್ಟವಾದ ಪಾಠ. ಮಗು ಎಡವಿದ ಕೂಡಲೇ ಸರಿ ಮಾಡುವ ಚಟ ನಮಗೆಲ್ಲ ಇದೆ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಅಷ್ಟರಲ್ಲಿ ಅರ್ಧಕ್ಕರ್ಧ ಮಕ್ಕಳು ತಾವೇ ಸರಿಮಾಡಿಕೊಳ್ಳುತ್ತಾರೆ. ಇಲ್ಲ ಅಂದರೆ ಪದ ಹೇಳಿಕೊಟ್ಟು ಮುಂದೆ ಹೋಗಿ, ಪಾಠ ಮಾಡಲು ನಿಲ್ಲಬೇಡಿ.

ಒತ್ತಕ್ಷರದಲ್ಲಿ ಅಕ್ಕ, ಅಪ್ಪ ಬೇಗ ಬರುತ್ತೆ. ಪುಸ್ತಕ, ರಾತ್ರಿ ಸ್ವಲ್ಪ ತಡ. ಎಲ್ಲಕ್ಕಿಂತ ಕಾಡುವುದು ಅರ್ಕಾವೊತ್ತು. 'ಸೂರ್ಯ' ನೋಡಿ. ಆ ಕೊಂಬಿನಂಥ ಗುರುತು ಯ ಆದ ಮೇಲೆ ಕೂತಿದೆ, ಆದರೆ ಅದನ್ನು ಯ-ಗಿಂತ ಮುಂಚೆ 'ರ್' ಅಂತ ಹೇಳಬೇಕು. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ನಾನು ಅದಕ್ಕೆ 'ಹಿಂದೆ ಓಡುವ ರ' ಅಂತ ಹೆಸರಿಟ್ಟಿದ್ದೇನೆ. ಸೂರ್ಯ, ಕಾರ್ಯ, ವರ್ಷ, ಅರ್ಜಿ ಅಂತ ಒಂದು ವಾರ ಬರೀ ಅದೇ ಆಟ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೆ ಕಾಗುಣಿತ ಹಾಕಿದರೇ ನಾನೂರು ದಾಟುತ್ತೆ, ಒತ್ತಕ್ಷರ ಬೇರೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಇದಕ್ಕೆ ವರ್ಷಗಳು ಬೇಕು. ಅವಸರ ಮಾಡುವವರಿಗೆ ಇದು ಮರೆತುಹೋಗುತ್ತೆ.

ಅವಸರ ಅಂದಾಗ ನೆನಪಾಯಿತು. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ ನಿಮಗೂ ಕೊಟ್ಟಿರುತ್ತಾರೆ: ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ನಿಮಿಷಕ್ಕೆ 60 ಪದ, ಅರ್ಥ ಆಗುವ ಹಾಗೆ. ಕಾಗದದಲ್ಲಿ 'ಅರ್ಥ ಆಗುವ ಹಾಗೆ' ಅಂತಲೂ ಇದೆ, ಅಳೆಯುವವರಿಗೆ 60 ಮಾತ್ರ ಕಾಣುತ್ತೆ. ಕನ್ನಡದಲ್ಲಿ ಒಂದು ಪದ ಅಂದರೆ ಏನು? 'ಮನೆ' ಒಂದು ಪದ. 'ಹೋಗಬೇಕಾಗಿತ್ತಂತೆ' ಕೂಡ ಒಂದೇ ಪದ, ಏಳು ಅಕ್ಷರ. ಎರಡಕ್ಕೂ ಒಂದೇ ಅಂಕ! ಉದ್ದ ಪದ ಬಂದರೆ ನಾವು ಪೆನ್ಸಿಲಿನಲ್ಲಿ ಗೆರೆ ಹಾಕಿ ಹೋಗ, ಬೇಕಾಗಿ, ತ್ತಂತೆ ಅಂತ ಮುರಿದು, ಮತ್ತೆ ಕೂಡಿಸುತ್ತೇವೆ. ವಾಕ್ಯಕ್ಕೂ ಹಾಗೇ. "ಅಜ್ಜಿ ಸಂತೆಯಿಂದ / ಬುಟ್ಟಿ ತುಂಬ / ಟೊಮೆಟೊ ತಂದಳು." ಒಂದೊಂದು ತುಂಡೂ ಒಂದೊಂದು ಉಸಿರು.

ಒಮ್ಮೆ ಒಬ್ಬ ಅಧಿಕಾರಿ ಬಂದು, ಮೊಬೈಲಿನಲ್ಲಿ ಟೈಮ್ ಹಾಕಿ, ನಾಲ್ಕನೇ ಕ್ಲಾಸಿನ ಹುಡುಗನೊಬ್ಬನಿಗೆ "ಶುರು ಮಾಡು" ಅಂದರು. ಹುಡುಗನಿಗೆ ಕೈ ನಡುಗಿ ಹಾಳೆಯೇ ನಿಲ್ಲಲಿಲ್ಲ. "ಇವನಿಗೆ ಅಕ್ಷರವೇ ಬರಲ್ಲ" ಅಂತ ಅವನ ಎದುರೇ ಹೇಳಿ ಹೋದರು. ಎರಡು ವಾರ ಆ ಹುಡುಗ ಲೈಬ್ರರಿ ಕಡೆ ತಲೆ ಹಾಕಲಿಲ್ಲ. ಅದೇ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ದೂರದಿಂದಲೇ ಬೋರ್ಡು ನೋಡಿ "ಪಾತಪಾಳ್ಯ, ಚೇಳೂರು ಕಡೆ ಹೋಗುತ್ತೆ, ಹತ್ತಿ!" ಅಂತ ಅವರಮ್ಮನನ್ನು ಎಳೆಯುವುದನ್ನು ನಾನೇ ನೋಡಿದ್ದೇನೆ. ಬಸ್ಸು ತಪ್ಪಿದರೆ ಎರಡು ಗಂಟೆ ಕಾಯಬೇಕು, ಅದಕ್ಕೇ ಅಲ್ಲಿ ಓದು ಓಡುತ್ತೆ. ಆಂಧ್ರದ ಬಸ್ಸು ಬಂದರೂ ಬೋರ್ಡು ಓದದೆ ಬಿಡಲ್ಲ. ತೆಲುಗು ಲಿಪಿ ಅವನಿಗೆ ಯಾರೂ ಕಲಿಸಿಲ್ಲ. "ತಲೆಕಟ್ಟು ಟಿಕ್ ಮಾರ್ಕ್ ಥರ ಇದೆ ಅಕ್ಕ, ಮಿಕ್ಕಿದ್ದು ನಮ್ಮದೇ" ಅಂತಾನೆ. ಅವನನ್ನು ವಾಪಸ್ ಕರೆತಂದಿದ್ದೂ ಬೋರ್ಡುಗಳೇ. ಊರಿನ ಹೆಸರುಗಳನ್ನು ರಟ್ಟಿನ ಮೇಲೆ ಬರೆದು, ನಾನೇ ಬಸ್ಸಾಗಿ ಓಡಾಡಿದೆ. ಓದಿದವರು ಹತ್ತಬಹುದು, ಓದದವರು ಮುಂದಿನ ಬಸ್ಸಿಗೆ.

ಮೊಬೈಲ್ ಆ್ಯಪ್ ಯಾವುದು ಒಳ್ಳೆಯದು ಅಂತಲೂ ಕೇಳಿದ್ದಿರಿ. ಅದರ ಬಗ್ಗೆ ನನಗೆ ಅಂಥ ಉತ್ಸಾಹ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಮಾತ್ರ ಬಳಸುತ್ತೇನೆ. ಒಂದೇ ಕಥೆ, ಅದೇ ಚಿತ್ರ, ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತೆ, ದುಡ್ಡಿಲ್ಲ. ತೆಲುಗಿನದನ್ನು ನಾನು ಓದಿ ಹೇಳುತ್ತೇನೆ, ಕನ್ನಡದ್ದನ್ನು ಅವರು ಓದುತ್ತಾರೆ.

ಬಂದ ಹೊಸದರಲ್ಲಿ ಮಕ್ಕಳು ನಿಮ್ಮ ಮೈಸೂರು ಕನ್ನಡ ಕೇಳಿ ನಗಬಹುದು. ನಗಲಿ ಬಿಡಿ. ನೀವೂ ಹತ್ತು ತೆಲುಗು ಮಾತು ಕಲಿತು ತಪ್ಪು ತಪ್ಪಾಗಿ ಆಡಿ. ತಪ್ಪು ಮಾಡುವ ಮೇಷ್ಟರ ಮುಂದೆ ಓದಲು ಮಕ್ಕಳಿಗೆ ಹೆದರಿಕೆ ಇರಲ್ಲ.

ಹಾವಿನ ಕಥೆ ಓದಿದ ಹುಡುಗಿ ಈಗ ಪುಸ್ತಕ ಮನೆಗೆ ಒಯ್ಯುತ್ತಾಳೆ. ಹೋದ ವಾರ ಅವರ ಮನೆ ಮುಂದೆ ಹಾದು ಹೋಗುತ್ತಿದ್ದೆ. ಜಗಲಿ ಮೇಲೆ ಅವಳ ಅವ್ವ ಕಡಲೆಕಾಯಿ ಸುಲಿಯುತ್ತಿದ್ದರು. ಅಕ್ಷರ ಬಾರದವರು, ಕಿವಿಯೂ ಸ್ವಲ್ಪ ಮಂದ. ಮೊಮ್ಮಗಳು ಒಂದು ಸಾಲು ಕನ್ನಡದಲ್ಲಿ ಓದುವುದು, ಅದನ್ನೇ ತೆಲುಗಿನಲ್ಲಿ ಹೇಳುವುದು, ಮುಂದಿನ ಸಾಲು. ಪುಟ ಮುಗಿಯಿತು. ಅವ್ವನಿಗೆ ಎಲ್ಲೋ ಒಂದು ಮಾತು ಕೇಳಿಸಿರಲಿಲ್ಲ. ಮೊರದಿಂದ ತಲೆ ಎತ್ತದೇ "ಇಂಕೋ ಸಾರಿ ಚದುವು" ಅಂದರು. ಇನ್ನೊಂದು ಸಲ ಓದು ಅಂತ. ಹುಡುಗಿ ಗೊಣಗುತ್ತಾ ಪುಟ ಹಿಂದಕ್ಕೆ ತಿರುಗಿಸಿ ಮೊದಲಿಂದ ಶುರು ಮಾಡಿದಳು.