ಫೀಸು ಯಾರ ಖಾತೆಗೆ, ಪದವಿ ಯಾರ ಹೆಸರಿನಲ್ಲಿ?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಮಗಳು ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಎ ಮೊದಲ ವರ್ಷದಲ್ಲಿದ್ದಾಳೆ. ದುಬೈಗೆ ಒಂದು ವಾರದ ಸ್ಟಡಿ ಟೂರ್ ಇದೆ, ಫ್ರಾನ್ಸಿನ ಬಿಸಿನೆಸ್ ಸ್ಕೂಲಿನಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶವೂ ಇದೆ ಎಂದು ಕಾಲೇಜಿನವರು ಹೇಳುತ್ತಿದ್ದಾರೆ. ಇವೆರಡೂ ಬೇಡ, ಎಂಬಿಎ ಮುಗಿಸಿ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್‌ಸಿ ಮಾಡಲಿ, ಕೆಲಸ ಗ್ಯಾರಂಟಿ ಎಂದು ಕನ್ಸಲ್ಟೆನ್ಸಿಯವರು ಬೆನ್ನು ಬಿದ್ದಿದ್ದಾರೆ. ನಮ್ಮದು ನಾಲ್ಕು ಎಕರೆ ಅಡಿಕೆ ತೋಟ, ಊರಲ್ಲೊಂದು ಮನೆ. ಯಾವುದಕ್ಕೆ ದುಡ್ಡು ಹಾಕಬೇಕು? ಕಾಲೇಜಿನ ಬ್ರೋಷರ್ ಲಗತ್ತಿಸಿದ್ದೇನೆ." – ಓದುಗರು, ಸಾಗರ ತಾಲ್ಲೂಕು

ಮಾನ್ಯರೇ,

ನೀವು ಬರೆದಿರುವ ಮೂರೂ 'ಫಾರಿನ್ ಓದು' ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಹಾಕಿ ನೋಡಿ: ಫೀಸು ಯಾರ ಖಾತೆಗೆ ಹೋಗುತ್ತದೆ? ಕೊನೆಯಲ್ಲಿ ಕೈಗೆ ಬರುವ ಪದವಿ ಯಾರದು?

ದುಬೈ ವಿಚಾರ ಬೇಗ ಮುಗಿಸೋಣ. ಜೆಬೆಲ್ ಅಲಿ ಬಂದರು, ಒಂದೆರಡು ಕಂಪನಿಗಳ ಮೀಟಿಂಗ್ ರೂಮು, ಸಂಜೆಗೆ ಮರುಭೂಮಿ ಸಫಾರಿ, ಕೊನೆಗೊಂದು ಸರ್ಟಿಫಿಕೇಟು. ಮಗಳಿಗೆ ಊರು ನೋಡುವ ಆಸೆಯಿದ್ದರೆ ಖಂಡಿತ ಕಳಿಸಿ, ಆದರೆ ಅದನ್ನು ಪ್ರವಾಸದ ಲೆಕ್ಕಕ್ಕೆ ಬರೆದುಕೊಳ್ಳಿ. ಕಡ್ಡಾಯ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ, ಪ್ರವೇಶದ ಸಮಯದಲ್ಲಿ ಕೊಟ್ಟ ಪ್ರಾಸ್ಪೆಕ್ಟಸ್‌ನಲ್ಲಿ ಅದು ಎಲ್ಲಿದೆ ಎಂದು ಕೇಳಿ.

ಫ್ರಾನ್ಸಿನ ಸೆಮಿಸ್ಟರ್ ಬಗ್ಗೆ ಮಾತ್ರ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು. ನನ್ನ ಮಟ್ಟಿಗೆ, ಎಂಬಿಎ ಓದುವ ಮಕ್ಕಳಿಗೆ ಹೊರದೇಶದಲ್ಲಿ ಸಿಗುವ ಅವಕಾಶಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಕಲಿಸುವುದು ಇದೇ. ಆದರೆ ಅದು ನಿಜವಾದ ಎಕ್ಸ್‌ಚೇಂಜ್ ಆಗಿರಬೇಕು. ನಿಜವಾದ ಎಕ್ಸ್‌ಚೇಂಜ್‌ನಲ್ಲಿ ಎರಡು ಕಾಲೇಜುಗಳು ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮಗಳು ಆ ಸೆಮಿಸ್ಟರಿನ ಫೀಸನ್ನು ಎಂದಿನಂತೆ ಬೆಂಗಳೂರಿನಲ್ಲೇ ಕಟ್ಟುತ್ತಾಳೆ, ಅಲ್ಲಿಂದ ಬರುವವರು ತಮ್ಮ ಫೀಸನ್ನು ತಮ್ಮಲ್ಲೇ ಕಟ್ಟಿ ಬರುತ್ತಾರೆ. ಅಲ್ಲಿ ಇವಳಿಗೆ ಬೋಧನಾ ಶುಲ್ಕವಿಲ್ಲ. ನಿಮ್ಮ ಮೇಲೆ ಬೀಳುವುದು ವಿಮಾನ, ವೀಸಾ, ವಿಮೆ, ಬಾಡಿಗೆ, ಊಟದ ಖರ್ಚು. ಬೆಂಗಳೂರಿನ ಐಐಎಂನಲ್ಲಿ ಎರಡನೇ ವರ್ಷದ ವಿದ್ಯಾರ್ಥಿಗಳು ಒಂದು ಟರ್ಮ್ ಹೊರಗೆ ಹೋಗುವುದು ಈ ಕ್ರಮದಲ್ಲೇ.

ಈಗ ನೀವು ಕಳಿಸಿದ ಬ್ರೋಷರಿಗೆ ಬರುತ್ತೇನೆ. ಅದರ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ 'ಪ್ರೋಗ್ರಾಂ ಫೀ ಪ್ರತ್ಯೇಕ' ಎಂದಿದೆ. ನನಗೆ ಅನುಮಾನ ಹುಟ್ಟಿಸಿದ್ದು ಆ ಸಾಲು. ಫ್ರಾನ್ಸಿನಿಂದ ಯಾರೂ ನಿಮ್ಮ ಮಗಳ ಕಾಲೇಜಿಗೆ ಬಂದು ಓದುತ್ತಿಲ್ಲ ಎಂದಾದರೆ ಅಲ್ಲಿ ಅದಲುಬದಲಿಗೆ ಸೀಟೇ ಇಲ್ಲ. ಆಗ ಕಾಲೇಜು ಸೀಟನ್ನು ಕೊಳ್ಳುತ್ತದೆ, ಬೆಲೆ ನಿಮ್ಮಿಂದ ವಸೂಲಾಗುತ್ತದೆ. ಹಾಗೆ ಮಾಡುವುದು ಕಾನೂನುಬಾಹಿರವೇನಲ್ಲ. ಆದರೆ ಒಂದೇ ಸೆಮಿಸ್ಟರಿಗೆ ಎರಡು ಕಡೆ ಫೀಸು ಕಟ್ಟಿ ಅದನ್ನು ಎಕ್ಸ್‌ಚೇಂಜ್ ಎಂದು ಕರೆಯಬೇಕಾಗಿಲ್ಲ. ಕಳೆದ ವರ್ಷ ಅಲ್ಲಿಂದ ಎಷ್ಟು ಮಂದಿ ಇಲ್ಲಿಗೆ ಬಂದು ಓದಿದರು ಎಂದು ಮಗಳು ಕೇಳಲಿ. ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಇನ್ನೊಂದು ತೊಡಕು ಕ್ರೆಡಿಟ್‌ನದು, ಅಂದರೆ ಓದಿದ ವಿಷಯಗಳಿಗೆ ಲೆಕ್ಕ ಹಾಕುವ ಅಂಶಗಳದು. ಯುರೋಪಿನ ಸಾಮಾನ್ಯ ಅಳತೆಯಾದ ಇಸಿಟಿಎಸ್‌ನಲ್ಲಿ ಪೂರ್ಣ ಸೆಮಿಸ್ಟರ್ ಎಂದರೆ 30 ಕ್ರೆಡಿಟ್, ವರ್ಷಕ್ಕೆ 60. ಅಲ್ಲಿ ಓದಿದ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಎಂಬುದು ಹೊರಡುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್ ಎಂಬ ಕಾಗದದಲ್ಲಿ ಬರೆದಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಐಐಎಂಗಳು ತಮ್ಮ ಪದವಿಯನ್ನು ತಾವೇ ಕೊಡುತ್ತವೆ, ಅಲ್ಲಿ ಇದು ಸಲೀಸು. ನಿಮ್ಮ ಮಗಳ ಕಾಲೇಜು ವಿಟಿಯು ಅಥವಾ ಇನ್ನಾವುದೋ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದರೆ ಪ್ರಿನ್ಸಿಪಾಲರ ಸಹಿಯಷ್ಟೇ ಸಾಲದು, ಅಂಕಪಟ್ಟಿ ಕೊಡುವುದು ವಿಶ್ವವಿದ್ಯಾಲಯ ತಾನೇ? ತನ್ನ ಪರೀಕ್ಷೆ ತಾನೇ ನಡೆಸುವ ಸ್ವಾಯತ್ತ ಕಾಲೇಜಾದರೆ ಕೆಲಸ ಸುಲಭ. ಇದನ್ನು ಖಚಿತಪಡಿಸಿಕೊಳ್ಳದೆ ಹೋದವರು ವಾಪಸ್ ಬಂದು ಅದೇ ಪೇಪರುಗಳನ್ನು ಮತ್ತೆ ಬರೆಯಬೇಕಾದೀತು.

ಪ್ಲೇಸ್‌ಮೆಂಟ್ ವಿಷಯವನ್ನು ಬ್ರೋಷರ್ ಎತ್ತುವುದೇ ಇಲ್ಲ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಮೂರನೇ ಸೆಮಿಸ್ಟರಿನಲ್ಲೇ ಕಂಪನಿಗಳು ಬರತೊಡಗುತ್ತವೆ, ಎಕ್ಸ್‌ಚೇಂಜ್ ಬೀಳುವುದೂ ಅದೇ ಸೆಮಿಸ್ಟರಿಗೆ. ಯುರೋಪಿನ ಕ್ಯಾಲೆಂಡರ್ ಕೂಡ ಒಂದೇ ಥರ ಇಲ್ಲ. ಜರ್ಮನಿಯ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಅಕ್ಟೋಬರಿನಲ್ಲಿ ಶುರುವಾಗಿ ಪರೀಕ್ಷೆ ಫೆಬ್ರವರಿವರೆಗೆ ಎಳೆಯುತ್ತದೆ. ಅಲ್ಲಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯ ಮಾತ್ರ ಸೆಪ್ಟೆಂಬರಿನಲ್ಲಿ ಆರಂಭಿಸಿ ಡಿಸೆಂಬರಿನಲ್ಲಿ ಮುಗಿಸುತ್ತದೆ. ಅದಕ್ಕೇ ಬೇರೆ ದೇಶದ ಬಿಸಿನೆಸ್ ಸ್ಕೂಲ್‌ಗಳಿಗೆ ಅದರ ಜೊತೆ ಹೊಂದಿಕೆ ಸುಲಭ. ಫ್ರಾನ್ಸಿನ ಆ ಸ್ಕೂಲಿನ ಸೆಮಿಸ್ಟರ್ ಯಾವ ತಾರೀಖಿಗೆ ಮುಗಿಯುತ್ತದೆ, ಅಷ್ಟರಲ್ಲಿ ಕ್ಯಾಂಪಸ್ಸಿಗೆ ಬಂದ ಕಂಪನಿಗಳ ಸಂದರ್ಶನಕ್ಕೆ ಮಗಳು ಆನ್‌ಲೈನ್ ಕೂರಬಹುದೇ ಎಂಬುದನ್ನು ಪ್ಲೇಸ್‌ಮೆಂಟ್ ಸೆಲ್‌ನಿಂದ ಬರಹದಲ್ಲಿ ಪಡೆಯಿರಿ.

ಫ್ರಾನ್ಸಿಗೆ ಓದಲು ಹೋಗುವವರಿಗೆ ದಾರಿ ತೋರಿಸುವ ಅಲ್ಲಿಯ ಸರ್ಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್‌ನ ಕಚೇರಿ ಬೆಂಗಳೂರಿನಲ್ಲೇ ಇದೆ. ಫ್ರಾನ್ಸಿನ ವಿದ್ಯಾರ್ಥಿ ವೀಸಾ ಅವರ ಸಂದರ್ಶನ ದಾಟಿಯೇ ಹೋಗುವುದು. ಹಣ ತೆಗೆದುಕೊಳ್ಳುವ ಮಧ್ಯವರ್ತಿಗಿಂತ ಮೊದಲು ಅಲ್ಲಿ ವಿಚಾರಿಸಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಬಾಡಿಗೆ ಕರಾರು ಫ್ರೆಂಚಿನಲ್ಲಿರುತ್ತದೆ. ನಾಲ್ಕು ಮಾತು ಫ್ರೆಂಚ್ ಕಲಿತು ಹೋಗುವುದು ಒಳ್ಳೆಯದು.

ಎಕ್ಸ್‌ಚೇಂಜ್‌ಗಿಂತ ಮುಂದಿನ ಮೆಟ್ಟಿಲುಗಳೂ ಇವೆ. 1988ರಲ್ಲಿ ಯುರೋಪಿನ ನಾಲ್ಕು ಸಂಸ್ಥೆಗಳಾದ ಎಚ್‌ಇಸಿ ಪ್ಯಾರಿಸ್, ಬೊಕ್ಕೋನಿ, ಎಸಾಡೆ ಮತ್ತು ಕಲೋನ್ ವಿಶ್ವವಿದ್ಯಾಲಯ ಸೇರಿ ಕಟ್ಟಿದ ಸೆಮ್ಸ್ (CEMS) ಕೂಟದ ಮಾಸ್ಟರ್ಸ್ ಓದು ಅಂಥದೊಂದು: ಒಂದು ಟರ್ಮ್ ಹೊರದೇಶದಲ್ಲಿ, ಜೊತೆಗೆ ಕಂಪನಿಯೊಂದರ ಪ್ರಾಜೆಕ್ಟು, ವಿದೇಶದಲ್ಲಿ ಇಂಟರ್ನ್‌ಶಿಪ್, ಇಂಗ್ಲಿಷಲ್ಲದ ಭಾಷೆಯ ಪರೀಕ್ಷೆ. ಭಾರತದಿಂದ ಅದರಲ್ಲಿರುವುದು ಐಐಎಂ ಕಲ್ಕತ್ತಾ. ಸದಸ್ಯ ಸಂಸ್ಥೆಯಲ್ಲಿ ಓದದೆ ಅದರೊಳಕ್ಕೆ ಹೋಗಲಾಗದು, ಹಾಗಾಗಿ ನಿಮ್ಮ ಮಗಳಿಗೆ ಈಗ ಅದು ದೂರ. ಎರಡು ಸಂಸ್ಥೆಗಳು ಸೇರಿ ಒಂದೇ ಪದವಿ ಕೊಡುವ ಜಂಟಿ ಪದವಿ, ಎರಡೂ ಬೇರೆ ಬೇರೆ ಪದವಿ ಕೊಡುವ ಡ್ಯುಯಲ್ ಡಿಗ್ರಿಗಳಿಗೆ ಯುಜಿಸಿ 2022ರಲ್ಲಿ ನಿಯಮ ಮಾಡಿದೆ. ಎರಡರಲ್ಲೂ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಇಲ್ಲಿಯ ಸಂಸ್ಥೆಯಲ್ಲೇ ಗಳಿಸಬೇಕು. ಮುಂದೆ ನಿಮ್ಮ ಕಾಲೇಜಿನವರು ಆ ಪದಗಳನ್ನು ಬಳಸಿದರೆ ಆ ನಿಯಮದ ಅಡಿಯಲ್ಲೇ ಬಳಸುತ್ತಿದ್ದಾರೆಯೇ ಎಂದು ಕೇಳಬಹುದು.

ಇನ್ನು ಇಂಗ್ಲೆಂಡಿನ ಎಂಎಸ್‌ಸಿ. ಪದವಿ ಸಾಚಾ ಇರಬಹುದು, ವಿಶ್ವವಿದ್ಯಾಲಯವೂ ಒಳ್ಳೆಯದಿರಬಹುದು. ನನ್ನ ತಕರಾರು ಆ 'ಕೆಲಸ ಗ್ಯಾರಂಟಿ'ಯ ಬಗ್ಗೆ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕಲು ಬಿಡುವ ಗ್ರಾಜುಯೇಟ್ ರೂಟ್ 2021ರಿಂದ ಎರಡು ವರ್ಷಗಳದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಅದು ಕೆಲಸ ಹುಡುಕಲು ಬಿಡುವ ವೀಸಾ, ಕೆಲಸ ಕೊಡುವ ವೀಸಾ ಅಲ್ಲ. ಮುಂದೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈನಿಂದ ಅದಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸದಾಗಿ ಓದು ಮುಗಿಸಿದವರಿಗೆ 33,400. ಜೊತೆಗೆ ಕಂಪನಿ ಸ್ಪಾನ್ಸರ್ ಆಗಲು ಒಪ್ಪಬೇಕು. ಈ ಸರಪಳಿಯ ಯಾವ ಕೊಂಡಿಗೂ ಕನ್ಸಲ್ಟೆನ್ಸಿಯವರು ಜವಾಬ್ದಾರರಲ್ಲ. ಎಷ್ಟೋ ಏಜೆನ್ಸಿಗಳಿಗೆ ಕಮಿಷನ್ ಬರುವುದು ಆ ವಿಶ್ವವಿದ್ಯಾಲಯಗಳಿಂದಲೇ ಎಂಬುದನ್ನೂ ನೆನಪಿಡಿ.

ಅದಕ್ಕಿಂತ ದೊಡ್ಡ ಪ್ರಶ್ನೆ: ಎಂಬಿಎ ಆದವಳಿಗೆ ಕೂಡಲೇ ಮ್ಯಾನೇಜ್‌ಮೆಂಟಿನಲ್ಲೇ ಇನ್ನೊಂದು ಮಾಸ್ಟರ್ಸ್ ಯಾಕೆ? ಎರಡು ವರ್ಷ ಕೆಲಸ ಮಾಡಲಿ. ಆಮೇಲೂ ಇಂಗ್ಲೆಂಡೇ ಬೇಕೆನಿಸಿದರೆ ಬ್ರಿಟಿಷ್ ಸರ್ಕಾರದ ಚೀವ್‌ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅರ್ಹತೆ ಆಗ ಬಂದಿರುತ್ತದೆ. ಅದಕ್ಕೆ ಎರಡು ವರ್ಷದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಷರತ್ತೂ ಇದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಹೆಚ್ಚಿನ ಕಡೆ ಇಲ್ಲ ಎನ್ನುವುದು ನಿಜ, ಆದರೆ ಮ್ಯಾನ್‌ಹೈಮ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನಾಚೆಯವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಜೀವನ ವೆಚ್ಚಕ್ಕೆಂದು ವರ್ಷಕ್ಕೆ 11,904 ಯೂರೋವನ್ನು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು, ಅಂಕಪಟ್ಟಿಗಳು ಅಸಲಿಯೇ ಎಂದು ನೋಡುವ ಜರ್ಮನ್ ಕಚೇರಿ ಎಪಿಎಸ್‌ನಿಂದ ಪರಿಶೀಲನೆ ಆಗಬೇಕು. 'ಜರ್ಮನಿಯಲ್ಲಿ ಓದು ಪುಕ್ಕಟೆ' ಎನ್ನುವವರು ಈ ಭಾಗವನ್ನು ಹೇಳುವುದಿಲ್ಲ.

ದುಡ್ಡಿನ ಮಾತು. ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋದರೆ ವಿದೇಶಿ ಓದಿನ ದೊಡ್ಡ ಸಾಲಕ್ಕೆ ಅದನ್ನು ಅಡಮಾನವಾಗಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಮುಳುಗಿದರೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಕಾರಣ ಅಷ್ಟೇ. ಹಾಗಾಗಿ ಇಂಗ್ಲೆಂಡಿಗೆಂದು ಸಾಲ ಎತ್ತಿದರೆ ಅಡ ಇಡಬೇಕಾಗುವುದು ನಿಮ್ಮ ಮನೆ. ಅದೇ ಏಳೂವರೆ ಲಕ್ಷದೊಳಗಿನ ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿಯ ಯೋಜನೆಯಲ್ಲಿ ಅಡಮಾನ ಬೇಕಿಲ್ಲ. ಎಂಬಿಎಗೆ ಈಗಾಗಲೇ ಸಾಲ ಮಾಡಿದ್ದರೆ ಎಕ್ಸ್‌ಚೇಂಜ್ ಸೆಮಿಸ್ಟರಿನ ಖರ್ಚನ್ನೂ ಅದಕ್ಕೇ ಸೇರಿಸಲು ಸಾಧ್ಯವೇ ಎಂದು ಮ್ಯಾನೇಜರರನ್ನು ಕೇಳಿ.

ವಿದ್ಯಾರ್ಥಿವೇತನಗಳ ಬಗ್ಗೆ ಎರಡು ಮಾತು. ನಿಮ್ಮ ಜಾತಿ, ಆದಾಯ ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಪರಿಶಿಷ್ಟರಿಗೆ ರಾಜ್ಯದ ಪ್ರಬುದ್ಧ ಯೋಜನೆ ಮತ್ತು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ ವಿಚಾರಿಸಬಹುದು. 1892ರಿಂದ ನಡೆದುಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಎಲ್ಲರಿಗೂ ತೆರೆದಿದೆ, ಆದರೆ ಅದು ಸಾಲರೂಪದ ನೆರವು. ಇವು ಮುಖ್ಯವಾಗಿ ಪೂರ್ತಿ ಪದವಿ ಓದುವವರಿಗಾಗಿ ಇರುವಂಥವು, ಒಂದು ಸೆಮಿಸ್ಟರಿಗೆ ಇವುಗಳನ್ನು ನೆಚ್ಚಬೇಡಿ. ಎಕ್ಸ್‌ಚೇಂಜ್‌ಗೆ ಹೊಂದುವುದು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಅನುದಾನ. ಅದನ್ನು ವಿದ್ಯಾರ್ಥಿ ನೇರವಾಗಿ ಕೇಳಲಾಗದು, ಎರಡು ಸಂಸ್ಥೆಗಳು ಮೊದಲೇ ಯೋಜನೆ ಹಾಕಿ ಪಡೆದಿರಬೇಕು.

ಆದ್ದರಿಂದ ನನ್ನ ಸಲಹೆ: ದುಬೈ ನಿಮ್ಮ ಇಷ್ಟ. ಇಂಗ್ಲೆಂಡ್ ಸದ್ಯಕ್ಕೆ ಬೇಡ. ಫ್ರಾನ್ಸಿನಲ್ಲಿ ಬೋಧನಾ ಶುಲ್ಕವಿಲ್ಲ, ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಪ್ಲೇಸ್‌ಮೆಂಟ್ ತಪ್ಪುವುದಿಲ್ಲ ಎಂಬ ಮೂರೂ ಕಾಗದದ ಮೇಲೆ ಬಂದರೆ ಧೈರ್ಯವಾಗಿ ಕಳಿಸಿ. ಸೆಪ್ಟೆಂಬರಿನ ಸೆಮಿಸ್ಟರಿಗೆ ಕಾಲೇಜುಗಳು ಹೆಸರು ಕಳಿಸುವುದು ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಬ್ರೋಷರಿನ ಆ 'ಪ್ರೋಗ್ರಾಂ ಫೀ' ಎಷ್ಟು, ಯಾರ ಹೆಸರಿಗೆ ಚೆಕ್ ಎಂದು ಗೊತ್ತಾದರೆ ನಮಗೂ ಒಂದು ಸಾಲು ಬರೆಯಿರಿ.

– ಸಂ.