ಇಂಗ್ಲಿಷ್ ಪುಟ ಬದಲಾದಾಗಲೆಲ್ಲ ಕನ್ನಡದ ಪುಟ ಹಳತಾಗುತ್ತಿದೆ, ಏನು ಮಾಡೋದು?

ಓಪನ್ ಸೋರ್ಸ್ ತಂತ್ರಾಂಶವೊಂದರ ಕೈಪಿಡಿಯ 60 ಪುಟ ಕನ್ನಡಕ್ಕೆ ತಂದಿದ್ದೀರಿ, ಮೂಲ ಬದಲಾದದ್ದು ಗೊತ್ತೇ ಆಗುತ್ತಿಲ್ಲ ಅಂದಿರಿ. ನಾವೂ ಇದೇ ಗುಂಡಿಗೆ ಬಿದ್ದವರು. ನಮ್ಮ ಕನ್ನಡ ಪುಟದಲ್ಲಿದ್ದ ಹಳೇ ಕಮಾಂಡ್ ನಂಬಿ ಮಡಿಕೇರಿಯ ಹುಡುಗನೊಬ್ಬ ಎರಡು ದಿನ ಒದ್ದಾಡಿದ. ಪುಟವೇ ಇಲ್ಲದಿದ್ದರೆ ಅವನು ಇಂಗ್ಲಿಷ್ ನೋಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ, ಅಲ್ವಾ?

ಪುಟವನ್ನು ಇಡಿಯಾಗಿ ನಕಲು ಮಾಡಿ ಅನುವಾದಿಸುವುದನ್ನು ಬಿಡಿ. ಅನುವಾದವನ್ನು ಮೂಲದ ಜೊತೆ ಹೊಂದಿಸಿಡುವ ಪಿಓ4ಎ (po4a) ಎಂಬ ತಂತ್ರಾಂಶ ಬಳಸಿ. ಅದು ಮಾರ್ಕ್‌ಡೌನ್ (ಸರಳ ಗುರುತುಗಳಲ್ಲಿ ಬರೆದ) ಪುಟವನ್ನು ಪ್ಯಾರಾ ಪ್ಯಾರಾ ಬಿಡಿಸಿ, ಮೂಲವೂ ಅನುವಾದವೂ ಜೋಡಿಯಾಗಿರುವ ಪಿಓ ಫೈಲ್‌ಗೆ ಹಾಕುತ್ತದೆ. ಮೂಲದಲ್ಲಿ ಒಂದು ಪ್ಯಾರಾ ತಿದ್ದಿದರೆ ಅದಕ್ಕೆ ಮಾತ್ರ 'ಫಜ್ಜಿ', ಅಂದರೆ ಮತ್ತೆ ನೋಡಬೇಕು ಅನ್ನುವ ಗುರುತು ಬೀಳುತ್ತದೆ. ನೀವು ನೋಡುವವರೆಗೆ ತಾಣದಲ್ಲಿ ಅಲ್ಲಿ ಇಂಗ್ಲಿಷೇ ಕಾಣುತ್ತದೆ. ಅನುವಾದ ಶೇ 80ಕ್ಕಿಂತ ಕೆಳಗಿಳಿದರೆ ಕನ್ನಡ ಪುಟವನ್ನೇ ತಯಾರಿಸುವುದಿಲ್ಲ. ಈ ಮಿತಿ ಬದಲಿಸಬಹುದು, ನಾನು ಬದಲಿಸಿಲ್ಲ.

ಈಗಿರುವ 60 ಪುಟ ದಂಡವಾಗುವುದಿಲ್ಲ. ಪಿಓ4ಎ ಜೊತೆಗೇ ಬರುವ ಗೆಟ್‌ಟೆಕ್ಸ್ಟೈಜ್ (po4a-gettextize) ಎಂಬ ಕಮಾಂಡ್ ಹಳೇ ಅನುವಾದವನ್ನು ಮೂಲದ ಜೊತೆ ಜೋಡಿಸುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಇವತ್ತಿನ ಇಂಗ್ಲಿಷ್ ಪುಟ ಕೊಡಬೇಡಿ. ಅನುವಾದ ಮಾಡಿದ ದಿನ ಆ ಪುಟ ಹೇಗಿತ್ತೋ ಅದನ್ನು ಫೈಲ್‌ಗಳ ಹಳೇ ರೂಪಗಳನ್ನೆಲ್ಲ ಇಟ್ಟುಕೊಂಡಿರುವ ಗಿಟ್‌ನಿಂದ ಹುಡುಕಿ ತೆಗೆದು ಕೊಡಿ. ಎರಡರಲ್ಲೂ ಪ್ಯಾರಾಗಳ ಸಾಲು ಒಂದೇ ಥರ ಇರಬೇಕು, ಇಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಮೊದಲ ಸಲ ಎಲ್ಲದಕ್ಕೂ ಫಜ್ಜಿ ಗುರುತು ಬೀಳುತ್ತದೆ, ಗಾಬರಿಯಾಗಬೇಡಿ. ಓದಿ, ಸರಿಯಿದ್ದರೆ ಗುರುತು ತೆಗೆಯಿರಿ. ಆಮೇಲೆ ಇವತ್ತಿನ ಮೂಲದ ಜೊತೆ ಪಿಓ4ಎ ಓಡಿಸಿ.

ಜನ ಜಾಸ್ತಿ ಇದ್ದರೆ ವೆಬ್‌ಲೇಟ್ ಎಂಬ ಅನುವಾದ ತಂತ್ರಾಂಶ ಒಳ್ಳೆಯದು, ಬ್ರೌಸರ್‌ನಲ್ಲೇ ಅನುವಾದಿಸಬಹುದು, ಗಿಟ್‌ಗೆ ತಾನೇ ಕಮಿಟ್ ಮಾಡುತ್ತದೆ (ಬದಲಾವಣೆ ದಾಖಲಿಸುತ್ತದೆ). ಆದರೆ ನಮ್ಮ ಸೋಮವಾರಪೇಟೆ ಕಡೆ ಜುಲೈ ಮಳೆಯಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಅದಕ್ಕೆ ನಾನು ಲ್ಯಾಪ್‌ಟಾಪಿನಲ್ಲಿ ಪಿಓ ಫೈಲ್ ತಿದ್ದುವ ಪೊಎಡಿಟ್ ಇಟ್ಟುಕೊಂಡಿದ್ದೇನೆ. ನೆಟ್ ಇಲ್ಲದೆ ಕೆಲಸ ಮಾಡಿ, ಕುಶಾಲನಗರಕ್ಕೆ ಹೋದಾಗ ಪುಷ್ ಮಾಡುತ್ತೇನೆ (ನೆಟ್ ಮೂಲಕ ಕಳಿಸುತ್ತೇನೆ). ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದರೆ ನಮ್ಮಲ್ಲಿ ಅನುವಾದ ಬಂದ್. ಆಗ ಫಜ್ಜಿ ಗುಡ್ಡೆ ಬೀಳುತ್ತದೆ, ಬೀಳಲಿ. ತಪ್ಪು ಕಮಾಂಡ್ ಅಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಪದಪಟ್ಟಿ ಒಂದು ಮೊದಲೇ ಮಾಡಿಕೊಳ್ಳಿ. ಒಬ್ಬರು ಕಡತ, ಇನ್ನೊಬ್ಬರು ಫೈಲ್ ಅಂತ ಬರೆದರೆ ಓದುವವರಿಗೆ ತಲೆನೋವು. ಮತ್ತೆ ದಯವಿಟ್ಟು, ಕಮಿಟ್ ಅನ್ನು 'ಬದ್ಧಗೊಳಿಸು' ಅಂತ ಮಾತ್ರ ಮಾಡಬೇಡಿ.