ಮೂತ್ರದ ಅವಸರ: ಡಾಕ್ಟರಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 52 ವರ್ಷ. ಗಂಟೆಗೊಮ್ಮೆ ಮೂತ್ರಕ್ಕೆ ಓಡಬೇಕು. ಮನೆ ಬೀಗ ತೆಗೆಯುವಷ್ಟರಲ್ಲಿ ಸೀರೆ ಒದ್ದೆ. ಡಾಕ್ಟರ ಹತ್ತಿರ ಹೇಳಲು ಸಂಕೋಚ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಸಂಕೋಚ ಬೇಡಮ್ಮ. ‘ಮೂತ್ರ ತಡೆಯೋಕೆ ಆಗ್ತಿಲ್ಲ, ಬಟ್ಟೆ ಒದ್ದೆಯಾಗುತ್ತೆ’ ಎಂದು ಕೂತ ಕೂಡಲೇ ಹೇಳಿಬಿಡಿ. ಎದ್ದು ಬರುವಾಗ ಹೇಳಿದರೆ ಪರೀಕ್ಷೆಗೆ ಸಮಯವೇ ಉಳಿಯುವುದಿಲ್ಲ.

ಅದಕ್ಕೆ ಮೊದಲು ಮೂರು ದಿನ ಲೆಕ್ಕ ಬರೆದಿಡಿ. ಅಳತೆಗೆರೆ ಇರುವ ಪ್ಲಾಸ್ಟಿಕ್ ಮಗ್ ಒಂದನ್ನು ಇದಕ್ಕೇ ಮೀಸಲಿಡಿ. ‘ಬೆಳಿಗ್ಗೆ 7.10, ಕಾಫಿ 150 ಮಿಲಿ. 7.50, ಮೂತ್ರ 90 ಮಿಲಿ, ಅವಸರ, ಸ್ವಲ್ಪ ಸೋರಿತು.’ ಇಷ್ಟು ಸಾಕು. ಪ್ರತಿ ಸಲವೂ ಇಷ್ಟು ಕಡಿಮೆಯಿದ್ದರೆ ಮೂತ್ರಕೋಶ ತುಂಬುವ ಮೊದಲೇ ಹಿಂಡುತ್ತಿರಬಹುದು, ಸೋಂಕೂ ಇರಬಹುದು. ಪ್ರತಿ ಸಲ 400 ಮಿಲಿ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕು. ಬಿಪಿ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ, ಕೆಲವು ಮಾತ್ರೆ ಮೂತ್ರ ಹೆಚ್ಚಿಸುತ್ತವೆ.

ಸೋಂಕು ಇಲ್ಲವೆಂದಾದರೆ ಮೊದಲ ಚಿಕಿತ್ಸೆ ಅಭ್ಯಾಸವೇ. ಅವಸರವಾದಾಗ ಓಡಬೇಡಿ, ನಿಂತು, ಗುದದ್ವಾರದ ಸುತ್ತಲಿನ ಸ್ನಾಯುಗಳನ್ನು ನಾಲ್ಕೈದು ಸಲ ಬಿಗಿಹಿಡಿದು ಬಿಡಿ, ಅವಸರದ ಅಲೆ ಇಳಿಯುತ್ತದೆ. ಒಮ್ಮೆ ಮೂತ್ರಕ್ಕೆ ಹೋಗಿ ಮತ್ತೆ ಹೋಗುವ ನಡುವಿನ ಅಂತರವನ್ನು ವಾರಕ್ಕೆ 15 ನಿಮಿಷದಂತೆ ಹೆಚ್ಚಿಸಿ. ಕನಿಷ್ಠ ಆರು ವಾರ ಬೇಕು. ಕಾಫಿ, ಟೀ ಇಳಿಸಿ, ಆದರೆ ನೀರು ಬಿಡಬೇಡಿ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆಣಕುತ್ತದೆ.

ಡಾಕ್ಟರು ಮೂತ್ರಕೋಶದ ಹಿಂಡುವಿಕೆ ತಗ್ಗಿಸುವ ಸಾಲಿಫೆನಸಿನ್ ಮಾತ್ರೆ ಬರೆದುಕೊಟ್ಟರೆ ಬಾಯಿ ಒಣಗಬಹುದು, ಮಲಬದ್ಧತೆ ಆಗಬಹುದು. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದರೆ ಮೊದಲೇ ತಿಳಿಸಿ. ಇದೇ ತೊಂದರೆಗೆ ಕೊಡುವ ಇನ್ನೊಂದು ಮಾತ್ರೆ ಮಿರಾಬೆಗ್ರಾನ್ ಆದರೆ ಬಿಪಿ ನೋಡಿಸುತ್ತಿರಬೇಕು.

ಮೂತ್ರದಲ್ಲಿ ರಕ್ತ, ಉರಿ, ಜ್ವರ ಕಂಡರೆ ಮೂರು ದಿನದ ಲೆಕ್ಕಕ್ಕೆ ಕಾಯದೆ ಇವತ್ತೇ ಹೋಗಿ.